ಇಂಗ್ಲಿಷ್ ಪತ್ರಿಕೆಗಳಲ್ಲಿ ಕನ್ನಡ ಸಂಶೋಧನೆ: ಒಂದು ವಿಮರ್ಶೆ

ಜ್ಞಾನಕ್ಕೆ ಭಾಷೆಯ ಗಡಿಯಿಲ್ಲವೆಂಬ ಮಾತು ವಿದ್ವದ್ವಲಯದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮಾತು ಕೇಳಲು ಹಿತವಾಗಿದೆ. ತಕ್ಕಮಟ್ಟಿಗೆ ಸತ್ಯವೂ ಹೌದು. ಆದರೆ ಜ್ಞಾನಕ್ಕಿಲ್ಲದ ಗಡಿ ಅದನ್ನು ಪ್ರಕಟಿಸುವ ಪತ್ರಿಕೆಗಿದೆ, ಆ ಪತ್ರಿಕೆಯನ್ನು ಓದಬಲ್ಲವರ ಬಳಗಕ್ಕಿದೆ. ಅದರಲ್ಲಿ ಬರೆದವರಿಗೆ ದೊರೆಯುವ ಪದವಿ, ಬಡ್ತಿ, ಮನ್ನಣೆಗಳಿಗಂತೂ ಇದ್ದೇ ಇದೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನ ಪ್ರಬಂಧವೆಂದರೆ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧವೆಂದೇ ಅರ್ಥವಾಗುತ್ತಿದೆ. ಭೌತಶಾಸ್ತ್ರಕ್ಕೂ ವೈದ್ಯಶಾಸ್ತ್ರಕ್ಕೂ ಹಾಕಿದ ಈ ಅಳತೆಗೋಲನ್ನೇ ವಚನ, ಶಾಸನ, ಜಾನಪದ, ಗ್ರಂಥಸಂಪಾದನೆಗಳಿಗೂ ಹಾಕುವುದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಣೀಯವಾದ ಸಂಗತಿ.

ಮೊದಲಿಗೆ ಋಣವನ್ನು ಒಪ್ಪಿಕೊಳ್ಳಬೇಕು. ವಿದ್ವತ್ಪತ್ರಿಕೆಯೆಂಬ ಪದ್ಧತಿಯೇ ೧೬೬೫ರಲ್ಲಿ ಪ್ಯಾರಿಸ್ ಮತ್ತು ಲಂಡನ್ ನಗರಗಳಲ್ಲಿ ಹುಟ್ಟಿತು. ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗರು ಆರಂಭಿಸಿದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಇಂದಿಗೂ ನಡೆಯುತ್ತಿದೆ. ಒಬ್ಬನು ಕಂಡುದನ್ನು ಹತ್ತು ಜನರ ಮುಂದಿಟ್ಟು, ಅವರು ಪರೀಕ್ಷಿಸಿ ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಅವಕಾಶ ಕೊಡುವ ಈ ಪದ್ಧತಿ ಮಾನವಕುಲದ ದೊಡ್ಡ ಲಾಭಗಳಲ್ಲೊಂದು. ಜೇಮ್ಸ್ ಬರ್ಜೆಸ್ಸರು ೧೮೭೨ರಲ್ಲಿ ಮುಂಬಯಿಯಲ್ಲಿ ಹೊರಡಿಸಿದ ‘ಇಂಡಿಯನ್ ಆಂಟಿಕ್ವೆರಿ’ಯ ಸಂಪುಟಗಳನ್ನು ಬದಿಗಿಟ್ಟು ಕನ್ನಡನಾಡಿನ ಚರಿತ್ರೆಯನ್ನು ಬರೆಯಲು ಸಾಧ್ಯವಿಲ್ಲ. ಅದಕ್ಕೂ ಮೊದಲು, ೧೮೪೦ರಲ್ಲಿ, ಸಿ.ಪಿ. ಬ್ರೌನರು ಜಂಗಮರ ಆಚಾರ ಸಾಹಿತ್ಯಗಳನ್ನು ಕುರಿತು ಮದರಾಸಿನ ಪತ್ರಿಕೆಯಲ್ಲಿ ಬರೆದಿದ್ದರು. ೧೮೬೦ರ ದಶಕದಲ್ಲಿ ವುರ್ತ್ ಪಾದ್ರಿಗಳು ಬಸವಪುರಾಣವನ್ನು ಸಂಗ್ರಹಿಸಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಇಂಗ್ಲಿಷಿಗೆ ತಂದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಮೂಲವನ್ನು ೧೯೦೯ರಲ್ಲಿಯೂ ಇಂಗ್ಲಿಷ್ ಅನುವಾದವನ್ನು ೧೯೧೫ರಲ್ಲಿಯೂ ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಲೋಕವೇ ಮೈಸೂರಿನತ್ತ ತಿರುಗಿ ನೋಡಿತು. ಹಲ್ಮಿಡಿಯ ಶಾಸನವನ್ನು ಎಂ.ಎಚ್. ಕೃಷ್ಣ ಅವರು ೧೯೩೬ರಲ್ಲಿ ವಿದ್ವಾಂಸರ ಗಮನಕ್ಕೆ ತಂದದ್ದೂ ಮೈಸೂರು ಪುರಾತತ್ತ್ವ ಇಲಾಖೆಯ ಇಂಗ್ಲಿಷ್ ವರದಿಯಲ್ಲಿಯೇ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದರ ಸುದ್ದಿ ಕನ್ನಡಿಗರಿಗೆ ಇಂಗ್ಲಿಷಿನ ಮೂಲಕ ಮುಟ್ಟಿತೆಂಬುದು ವಿಚಿತ್ರವೆನಿಸಿದರೂ ಆ ಕಾಲಕ್ಕೆ ಅದು ಸಹಜವೇ ಆಗಿತ್ತು.

ಈ ಋಣವನ್ನು ಒಪ್ಪಿಕೊಂಡ ಮೇಲೆ ಅದರ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಜೆ.ಎಫ್. ಫ್ಲೀಟರ ಕನ್ನಡದ ಸೇವೆ ಅಸಾಧಾರಣವಾದುದು. ಶಾಸನಗಳಲ್ಲದೆ ಸಂಗೊಳ್ಳಿ ರಾಯಣ್ಣನನ್ನು ಕುರಿತ ಲಾವಣಿಯಂತಹ ಜನಪದ ಕೃತಿಗಳನ್ನೂ ಅವರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚುಮಾಡಿಸಿದರು. ಅಂತಹ ಬಹುಶ್ರುತರು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸುವಾಗ, ಅಲ್ಲಿ ಉಕ್ತನಾದ ಏಕಾಂತದ ರಾಮಯ್ಯನೇ ಧರ್ಮದ ಈ ಹೊಸ ಚಳವಳಿಗೆ ನಿಜವಾದ ಮೂಲಪುರುಷನೆಂದೂ, ಬಸವಣ್ಣನವರ ವಿಚಾರದಲ್ಲಿ ಪುರಾಣಗಳು ಹೇಳುವುದನ್ನು ನೆಚ್ಚಲಾಗದೆಂದೂ ಊಹಿಸಿದರು. ಪುರಾಣಗಳು ತಡವಾದವು, ಶಾಸನವಾದರೋ ಸಮೀಪಕಾಲದ್ದು ಎಂಬುದು ಅವರ ತರ್ಕ. ಕೈಯಲ್ಲಿದ್ದ ಸಾಮಗ್ರಿಯಿಂದ ಅಷ್ಟನ್ನು ಊಹಿಸಿದುದು ತಪ್ಪೆನ್ನಲಾಗದು. ಆದರೆ ಸ್ವತಃ ಬಸವಣ್ಣನವರ ಮಾತಿನ ಸಾಕ್ಷ್ಯವಾದ ವಚನಗಳು ಆ ಕಾಲಕ್ಕೆ ಬಹುಮಟ್ಟಿಗೆ ಮಠಗಳ, ಮನೆಗಳ ಓಲೆಯ ಕಟ್ಟುಗಳಲ್ಲಿಯೇ ಇದ್ದವು. ಇಂಗ್ಲಿಷ್ ಪತ್ರಿಕೆಗಳ ವಾದಸಭೆಯಲ್ಲಿ ಅವುಗಳಿಗೆ ನಾಲಗೆಯಿರಲಿಲ್ಲ. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದ ೧೨೬೦ರ ಶಾಸನ ಬೆಳಕಿಗೆ ಬಂದು, ಅದರಲ್ಲಿ ಬಸವಣ್ಣನವರ ಹೆಸರು ಕಾಣಿಸಿಕೊಂಡ ಮೇಲೆ ಫ್ಲೀಟರ ಊಹೆ ಬಲಗುಂದಿತು. ಇಲ್ಲಿ ಗಮನಿಸಬೇಕಾದುದು ಒಬ್ಬ ವಿದ್ವಾಂಸರ ಊಹೆ ಸುಳ್ಳಾಯಿತೆಂಬುದನ್ನಲ್ಲ. ಯಾವ ಭಾಷೆಯ ಸಭೆಯಲ್ಲಿ ತೀರ್ಪು ನಡೆಯುತ್ತದೆಯೋ ಆ ಸಭೆಗೆ ತಲುಪದ ಸಾಕ್ಷ್ಯವು ಇಲ್ಲದ ಸಾಕ್ಷ್ಯವೆಂದೇ ಎಣಿಸಲ್ಪಡುತ್ತದೆ ಎಂಬುದು ಇದರಿಂದ ಹೊರಡುವ ಪಾಠ.

ಈ ಪಾಠವನ್ನು ಚೆನ್ನಾಗಿ ಅರಿತಿದ್ದವರು ಫ.ಗು. ಹಳಕಟ್ಟಿಯವರು. ೧೯೨೨ರಲ್ಲಿ ಅವರು ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿಯೇ ಪ್ರಕಟಿಸಿದರು. ಹೊರಗಿನವರ ಸಭೆಗೆ ಸಾಕ್ಷ್ಯವನ್ನು ಒಯ್ದು ಮುಟ್ಟಿಸಿದ ಕಾರ್ಯವಿದು. ಆದರೆ ಅಲ್ಲಿಗೇ ಅವರು ಕೃತಕೃತ್ಯರಾಗಲಿಲ್ಲ. ಮರುವರ್ಷವೇ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಕನ್ನಡದಲ್ಲಿ ಹೊರತಂದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ ಸಂಪಾದನೆ, ಪ್ರಕಟಣೆಗಳ ಹೊರೆಯನ್ನು ದಶಕಗಳ ಕಾಲ ಹೊತ್ತರು. ಇಂಗ್ಲಿಷಿಗೆ ಕೊಟ್ಟದ್ದು ಮಾದರಿ, ಕನ್ನಡಕ್ಕೆ ಕೊಟ್ಟದ್ದು ಭಂಡಾರ. ಈ ಪ್ರಮಾಣಬುದ್ಧಿಯೇ ಇಂದು ತಲೆಕೆಳಗಾಗಿದೆ.

ಇದು ತಲೆಕೆಳಗಾದ ಬಗೆಯನ್ನು ತಿಳಿಯಲು ಸಂಶೋಧನೆಯನ್ನು ಅಳೆಯುವ ಯಂತ್ರದ ಕಡೆಗೆ ನೋಡಬೇಕು. ಅಮೆರಿಕದ ಯೂಜೀನ್ ಗಾರ್ಫೀಲ್ಡರು ೧೯೬೦ರ ದಶಕದಲ್ಲಿ ವಿಜ್ಞಾನ ಪ್ರಬಂಧಗಳ ಉಲ್ಲೇಖಸೂಚಿಯನ್ನು ಸಿದ್ಧಪಡಿಸಿದರು. ಒಂದು ಪ್ರಬಂಧವನ್ನು ಮುಂದೆ ಯಾರುಯಾರು ಉಲ್ಲೇಖಿಸಿದರೆಂದು ಹುಡುಕುವುದಕ್ಕೆ ಅದು ಒಳ್ಳೆಯ ಸಾಧನ. ಪುಸ್ತಕಭಂಡಾರಿಗಳಿಗೆಂದು ಹುಟ್ಟಿದ ಈ ಸಾಧನವು ಕಾಲಕ್ರಮದಲ್ಲಿ ವಿದ್ವಾಂಸರ ಯೋಗ್ಯತೆಯನ್ನು ತೂಗುವ ತಕ್ಕಡಿಯಾಯಿತು. ೨೦೦೪ರಲ್ಲಿ ಸ್ಕೋಪಸ್ ಎಂಬ ಇನ್ನೊಂದು ಸೂಚಿ ಬಂದಿತು. ಇವೆರಡರಲ್ಲಿಯೂ ಇಂಗ್ಲಿಷಿನದೇ ಸಿಂಹಪಾಲು. ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೦ರ ನಿಯಮಗಳಲ್ಲಿ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕಗಳನ್ನು ಗೊತ್ತುಮಾಡಿತು. ಅಂಕ ಬಂದಲ್ಲಿ ಅಂಗಡಿಯೂ ಬಂದಿತು. ಹಣ ಕೊಟ್ಟರೆ ಏನನ್ನಾದರೂ ಅಚ್ಚುಮಾಡುವ, ‘ಅಂತಾರಾಷ್ಟ್ರೀಯ’ವೆಂಬ ಬಿರುದು ಹೊತ್ತ ಇಂಗ್ಲಿಷ್ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ೨೦೧೮ರ ಮೇ ತಿಂಗಳಲ್ಲಿ ಆಯೋಗವು ತಾನೇ ಒಪ್ಪಿದ್ದ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ಒಮ್ಮೆಗೇ ತೆಗೆದುಹಾಕಬೇಕಾಯಿತು. ಅನಂತರ ‘ಕೇರ್’ ಎಂಬ ಹೊಸ ಪಟ್ಟಿ ಬಂದಿತು. ಅದರಲ್ಲಿ ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಸ್ಥಾನ ದೊರೆತದ್ದು ನ್ಯಾಯವೇ. ಆದರೆ ಅವು ಪರೀಕ್ಷೆಗೆ ಒಳಗಾಗಿ ಸೇರಬೇಕಾಗಿತ್ತು, ಅಂತಾರಾಷ್ಟ್ರೀಯ ಸೂಚಿಗಳಲ್ಲಿದ್ದ ಪತ್ರಿಕೆಗಳಿಗಾದರೋ ಬಾಗಿಲು ತಾನಾಗಿಯೇ ತೆರೆದಿತ್ತು. ೨೦೨೫ರ ಫೆಬ್ರವರಿಯಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟು, ಪತ್ರಿಕೆಯ ಗುಣವನ್ನು ಆಯಾ ಸಂಸ್ಥೆಗಳೇ ನಿರ್ಣಯಿಸಬೇಕೆಂದು ಆಯೋಗ ಸಾರಿತು. ಪಟ್ಟಿ ಹೋಗಿದೆ, ಪಟ್ಟಿ ಕಲಿಸಿದ ಅಭ್ಯಾಸ ಹೋಗಿಲ್ಲ. ಕನ್ನಡ ವಿಭಾಗದ ತರುಣ ಸಂಶೋಧಕನು ಬಾರದ ಇಂಗ್ಲಿಷಿನಲ್ಲಿ ತಿಣುಕಿ ಬರೆದು, ಯಾರೂ ಓದದ ಪತ್ರಿಕೆಗೆ ಹಣ ತೆತ್ತು, ಅಂಕ ಗಳಿಸುವ ದುರವಸ್ಥೆ ಇಂದಿಗೂ ಕಣ್ಣಿಗೆ ಬೀಳುತ್ತದೆ.

ದುಡ್ಡಿನ ಪತ್ರಿಕೆಗಳನ್ನು ಖಂಡಿಸುವುದು ಸುಲಭ. ನಿಜವಾದ ಪ್ರಶ್ನೆ ಉತ್ತಮವಾದ ಇಂಗ್ಲಿಷ್ ಪತ್ರಿಕೆಗಳನ್ನು ಕುರಿತದ್ದು. ಅಲ್ಲಿ ಪ್ರಬಂಧಗಳನ್ನು ಬಲ್ಲವರು ಮೊದಲೇ ಓದಿ ಪರಿಶೀಲಿಸುತ್ತಾರೆ, ಭಾಷೆ ಅಚ್ಚುಕಟ್ಟಾಗಿರುತ್ತದೆ, ವಾದಕ್ಕೊಂದು ಕ್ರಮವಿರುತ್ತದೆ. ಇಷ್ಟಿದ್ದೂ ಕನ್ನಡದ ಸಾಮಗ್ರಿ ಅಲ್ಲಿಗೆ ಹೋದಾಗ ಅದಕ್ಕೆ ಏನಾಗುತ್ತದೆಂಬುದನ್ನು ವಚನಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಪರೀಕ್ಷಿಸಬಹುದು.

ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ೧೯೭೩ರಲ್ಲಿ ಪ್ರಕಟವಾಯಿತು. ವಚನಗಳಿಗೆ ಲೋಕದ ಕಾವ್ಯರಸಿಕರ ನಡುವೆ ಸ್ಥಾನ ದೊರಕಿಸಿದ ಕೃತಿಯದು. ಮೈಸೂರಿನಲ್ಲಿ ಹುಟ್ಟಿ, ಕನ್ನಡದಲ್ಲಿ ಸ್ವತಃ ಕವಿತೆ ಬರೆದ ಆ ಅನುವಾದಕರ ಕನ್ನಡದ ಅರಿವನ್ನು ಯಾರೂ ಶಂಕಿಸಲಾರರು. ಅವರು ಅಂಕಿತಗಳನ್ನೂ ಅನುವಾದಿಸಿದರು. ಕೂಡಲಸಂಗಮದೇವನು ಸಂಗಮಿಸುವ ನದಿಗಳ ಒಡೆಯನಾದನು. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯನಾದನು. ಗುಹೇಶ್ವರನು ಗುಹೆಗಳ ಒಡೆಯನಾದನು. ಕನ್ನಡವರಿಯದ ಓದುಗನಿಗೆ ಹೆಸರು ಬರಿಯ ಸದ್ದಾಗದೆ ಚಿತ್ರವಾಗಲೆಂಬುದು ಕವಿಯೊಬ್ಬನ ವಿವೇಕ. ಕಾವ್ಯವಾಗಿ ಅದು ಸಾರ್ಥಕವೂ ಆಗಿದೆ. ಆದರೆ ಅಂಕಿತವು ಕನ್ನಡದಲ್ಲಿ ಬರಿಯ ವಿಶೇಷಣವಲ್ಲ. ಅದು ವಚನಕಾರನ ಮುದ್ರೆ; ಈ ವಚನ ಇಂತಹವರದೆಂದು ನಿರ್ಣಯಿಸುವ ಮೊದಲನೆಯ ಆಧಾರ. ಕೂಡಲಸಂಗಮವೆಂಬುದು ಕೃಷ್ಣೆ ಮಲಪ್ರಭೆಗಳು ಕೂಡುವ ಒಂದು ನಿಶ್ಚಿತ ಕ್ಷೇತ್ರ. ಕಪ್ಪಡಿಸಂಗಮವೆಂದು ಹರಿಹರನ ರಗಳೆಯಲ್ಲಿ ಬಣ್ಣಿತವಾದ ನೆಲ. ಅಂಕಿತ ಅನುವಾದವಾದೊಡನೆ ಮುದ್ರೆ ಅಳಿಸುತ್ತದೆ, ನೆಲವೂ ಮರೆಯಾಗುತ್ತದೆ. ಅನುವಾದಕರಿಗೆ ಇದು ಗೊತ್ತಿತ್ತು. ಮುನ್ನುಡಿ ಟಿಪ್ಪಣಿಗಳಿಂದ ಅವರು ಓದುಗನನ್ನು ಎಚ್ಚರಿಸಿದರು. ತೊಡಕು ಹುಟ್ಟುವುದು ಅವರಲ್ಲಲ್ಲ. ಅವರ ಪುಸ್ತಕದಲ್ಲಿಯೇ ನಿಂತುಬಿಟ್ಟವರಲ್ಲಿ. ಆ ಸಂಕಲನದಲ್ಲಿರುವವರು ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರೆಂಬ ನಾಲ್ವರು. ಕರ್ನಾಟಕ ಸರಕಾರದ ಸಮಗ್ರ ವಚನ ಸಂಪುಟಗಳು ೧೯೯೩ರಲ್ಲಿ ಹದಿನೈದು ಸಂಪುಟಗಳಾಗಿ ಹೊರಬಂದಿವೆ. ಆ ಹದಿನೈದನ್ನು ತೆರೆಯದೆ, ನಾಲ್ವರ ಅನುವಾದದಿಂದಲೇ ವಚನಸಾಹಿತ್ಯದ ಸ್ವರೂಪವನ್ನು ನಿರ್ಣಯಿಸುವ ಪ್ರಬಂಧಗಳು ಕಡಮೆಯಲ್ಲ. ಮೂಲದ ವಚನಸಂಖ್ಯೆಯಿಲ್ಲ, ಯಾವ ಪರಿಷ್ಕರಣವೆಂಬ ಸೂಚನೆಯಿಲ್ಲ, ಪಾಠಾಂತರದ ಮಾತಂತೂ ಇಲ್ಲವೇ ಇಲ್ಲ. ಅನುವಾದದ ಪುಟಸಂಖ್ಯೆಯೊಂದೇ ಪ್ರಮಾಣ! ಹೀಗಿರುವಲ್ಲಿ ಪರಿಶೀಲಕನು ಪರಿಶೀಲಿಸುವುದಾದರೂ ಏನನ್ನು? ಆತನಿಗೆ ಕನ್ನಡ ಬಾರದಿದ್ದರೆ ವಾದದ ಹೆಣಿಗೆಯನ್ನು ಮಾತ್ರ ನೋಡಬಲ್ಲನು, ನೂಲಿನ ಗಟ್ಟಿತನವನ್ನು ನೋಡಲಾರನು.

ಲಿಪಿಯ ವಿಷಯವೂ ಅಲ್ಪವಾದುದಲ್ಲ. ಚುಕ್ಕೆಗೆರೆಗಳ ಸಂಕೇತಗಳನ್ನು ಬಿಟ್ಟು ರೋಮನ್ ಅಕ್ಷರಗಳಲ್ಲಿ ಬರೆದರೆ ಹಳ್ಳಿಯೂ ಹಲ್ಲಿಯೂ ಒಂದೇ ಆಗುತ್ತವೆ. ಹಳಗನ್ನಡದಲ್ಲಿ ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಈ ಭೇದವನ್ನು ಕಳೆದುಕೊಂಡ ಬರಹದಿಂದ ಪಾಠನಿರ್ಣಯ ಮಾಡುವುದು ಅಸಾಧ್ಯ. ಅಚ್ಚಿನ ಅನುಕೂಲಕ್ಕೆಂದು ಈ ಸಂಕೇತಗಳನ್ನು ಬಿಡುವ ಪತ್ರಿಕೆಗೆ ಅದು ಸಣ್ಣ ವಿಷಯ. ಕನ್ನಡಕ್ಕೆ ಅದೇ ವಿಷಯ.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಶಬ್ದಾರ್ಥದಲ್ಲಿ ಆಗುತ್ತದೆ. ಬಯಲೆಂಬುದನ್ನು ಇಂಗ್ಲಿಷಿನಲ್ಲಿ ಶೂನ್ಯವಾಚಕ ಪದದಿಂದ ಹೇಳುವುದು ವಾಡಿಕೆ. ಕನ್ನಡದ ರೈತನಿಗೆ ಬಯಲೆಂದರೆ ಏನೂ ಇಲ್ಲದಿರುವಿಕೆಯಲ್ಲ. ಕಣ್ಣು ಹಾಯುವಷ್ಟು ದೂರ ತಡೆಯಿಲ್ಲದೆ ಹರಡಿದ ನೆಲ. ಆ ತೆರೆದ ನೆಲದ ಅನುಭವದಿಂದಲೇ ವಚನಕಾರರು ತತ್ತ್ವದ ಮಾತನ್ನು ಎತ್ತಿಕೊಂಡರು. ಕಾಯಕವೆಂಬುದನ್ನು ದುಡಿಮೆಯೆಂದು ಅನುವಾದಿಸಿದ ಮರುಗಳಿಗೆಯಲ್ಲಿಯೇ ಅದು ಮ್ಯಾಕ್ಸ್ ವೆಬರ್ ೧೯೦೪-೦೫ರಲ್ಲಿ ಪ್ರೊಟೆಸ್ಟಂಟರ ದುಡಿಮೆಯ ನೀತಿಯನ್ನು ಕುರಿತು ಮಂಡಿಸಿದ ವಾದದ ಪಕ್ಕದಲ್ಲಿ ಹೋಗಿ ನಿಲ್ಲುತ್ತದೆ. ವೆಬರನ ವಾದದಲ್ಲಿ ದುಡಿಮೆ ಬಂಡವಾಳದ ಸಂಚಯಕ್ಕೆ ದಾರಿಮಾಡುತ್ತದೆ. ಕಾಯಕವಾದರೋ ದಾಸೋಹದೊಡನೆ ಕೂಡಿ, ಗಳಿಸಿದುದನ್ನು ಸವೆಸುವುದಕ್ಕೆ ದಾರಿಮಾಡುತ್ತದೆ. ದಿಕ್ಕುಗಳೇ ಬೇರೆ. ಹೋಲಿಕೆ ಮಾಡಬಾರದೆಂದಲ್ಲ. ಆದರೆ ಇಂಗ್ಲಿಷಿನಲ್ಲಿ ಬರೆಯುವವನು ಆ ಓದುಗರಿಗೆ ಪರಿಚಿತವಾದ ಪ್ರಶ್ನೆಯಿಂದ ಆರಂಭಿಸಲೇಬೇಕಾಗುತ್ತದೆ: ಇದು ನಮ್ಮಲ್ಲಿರುವ ಯಾವುದನ್ನು ಹೋಲುತ್ತದೆ? ಕನ್ನಡದಲ್ಲಿ ಬರೆಯುವವನಿಗಾದರೋ ಬೇರೆಯೇ ಪ್ರಶ್ನೆ ಏಳಬಲ್ಲದು: ಈ ಪದ ಚೆನ್ನಬಸವಣ್ಣನಲ್ಲಿ ಒಂದು ಬಗೆಯಾಗಿಯೂ ಮೋಳಿಗೆಯ ಮಾರಯ್ಯನಲ್ಲಿ ಇನ್ನೊಂದು ಬಗೆಯಾಗಿಯೂ ಏಕೆ ನಡೆಯುತ್ತದೆ? ಭಾಷೆ ಬದಲಾದಾಗ ಉತ್ತರಕ್ಕಿಂತ ಮೊದಲು ಪ್ರಶ್ನೆಯೇ ಬದಲಾಗುತ್ತದೆ. ಕಾಲಕ್ರಮದಲ್ಲಿ ಕನ್ನಡದ ಸಂಶೋಧಕನೂ ತನ್ನ ಪ್ರಶ್ನೆಯನ್ನು ಮರೆತು ಅವರ ಪ್ರಶ್ನೆಯನ್ನೇ ತನ್ನದೆಂದು ತಿಳಿಯುತ್ತಾನೆ. ಎಲ್ಲಕ್ಕಿಂತ ಮಿಗಿಲಾದ ನಷ್ಟವಿದು.

ವಿಜ್ಞಾನಗಳ ಸ್ಥಿತಿ ಇದಕ್ಕಿಂತ ಭಿನ್ನವೆಂಬುದನ್ನು ಒಪ್ಪಬೇಕು. ಸಮೀಕರಣಕ್ಕೆ ಪಾಠಾಂತರವಿಲ್ಲ. ಢಾಕಾದ ಸತ್ಯೇಂದ್ರನಾಥ ಬೋಸರು ೧೯೨೪ರಲ್ಲಿ ಬರೆದ ಪ್ರಬಂಧವನ್ನು ಐನ್‌ಸ್ಟೈನರು ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ತಿರುಳು ಎಳ್ಳಷ್ಟೂ ಕೆಡಲಿಲ್ಲ. ಅಂದಿಗೆ ಭೌತಶಾಸ್ತ್ರದ ದೊಡ್ಡ ಭಾಷೆ ಜರ್ಮನ್, ಇಂದಿಗೆ ಇಂಗ್ಲಿಷ್. ಶಾಸ್ತ್ರಕ್ಕೆ ಒಂದು ಸಾಮಾನ್ಯ ಭಾಷೆ ಬೇಕೆಂಬುದು ನಿರ್ವಿವಾದ. ಆದರೆ ಇದೇ ಬೋಸರು ೧೯೪೮ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಬಂಗಾಳಿಯಲ್ಲಿ ವಿಜ್ಞಾನವನ್ನು ಬರೆಯುವ ಕಾರ್ಯಕ್ಕೆ ಟೊಂಕಕಟ್ಟಿದರೆಂಬುದನ್ನೂ ಮರೆಯಲಾಗದು. ಪರಭಾಷೆಯಲ್ಲಿ ಅತ್ಯುನ್ನತ ಮನ್ನಣೆ ಪಡೆದವರೇ ಸ್ವಭಾಷೆಯ ಋಣವನ್ನು ಹೆಚ್ಚಾಗಿ ಮನಗಂಡರು.

ಕನ್ನಡದಲ್ಲಿ ಬರೆದರೆ ಸಂಶೋಧನೆಯ ಮಟ್ಟ ಇಳಿಯುವುದೆಂಬ ಭಯಕ್ಕೆ ಆಧಾರವಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಕನ್ನಡದಲ್ಲಿಯೇ ಬಂದಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ೧೯೬೬ರಲ್ಲಿ ಬಂದಿತು. ಶಂ.ಬಾ. ಜೋಶಿಯವರ ಕನ್ನಡನಾಡಿನ ಪ್ರಾಚೀನತೆಯ ಶೋಧಗಳೂ ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ದ ಸಂಪುಟಗಳೂ ಕನ್ನಡದವೇ. ಇವುಗಳ ಪ್ರತಿಯೊಂದು ವಾದವನ್ನೂ ಎದುರಿಸಿ ಪರೀಕ್ಷಿಸಬಲ್ಲ ಓದುಗರು ಕನ್ನಡದಲ್ಲಿದ್ದರು; ಒಪ್ಪದವರು ಕನ್ನಡದಲ್ಲಿಯೇ ಖಂಡಿಸಿದರು. ಅಂತಹ ಖಂಡನ ಮಂಡನಗಳಿಂದಲೇ ಶಾಸ್ತ್ರ ಬೆಳೆಯಿತು. ಆದರೆ ಈ ಗ್ರಂಥಗಳು ಇಂಗ್ಲಿಷ್ ಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ವಿರಳವಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ. ಇದು ಗುಣದ ಕೊರತೆಯಿಂದಲ್ಲ, ಓದುಗರ ಕೊರತೆಯಿಂದ.

ಆದರೂ ದೋಷವನ್ನೆಲ್ಲ ಹೊರಗಿನವರ ಮೇಲೆ ಹೊರಿಸುವುದು ಸತ್ಯನಿಷ್ಠೆಯಾಗದು. ಕನ್ನಡದ ವಿದ್ವತ್ಪತ್ರಿಕೆಗಳು ತಮ್ಮ ಮನೆಯನ್ನು ಎಷ್ಟರಮಟ್ಟಿಗೆ ಗುಡಿಸಿಕೊಂಡಿವೆ? ಬಂದ ಪ್ರಬಂಧವನ್ನು ಆ ವಿಷಯದಲ್ಲಿ ಬಲ್ಲವರೊಬ್ಬರಿಗೆ ತೋರಿಸದೆ ಅಚ್ಚುಮಾಡುವುದುಂಟು. ವಿಮರ್ಶೆಯ ಹೆಸರಿನಲ್ಲಿ ಅಭಿನಂದನೆಯನ್ನು ಬರೆಯುವುದುಂಟು. ಸಭೆಯಲ್ಲಿ ಮಾಡಿದ ಭಾಷಣವನ್ನೇ ಸಂಶೋಧನೆಯೆಂದು ಮುದ್ರಿಸುವುದುಂಟು. ವಚನವನ್ನು ಉದ್ಧರಿಸುವಾಗ ನೆನಪಿನಿಂದ ಬರೆದು ಸಂಪುಟವನ್ನೂ ಸಂಖ್ಯೆಯನ್ನೂ ಬಿಡುವ ಚಾಳಿ ಇಂಗ್ಲಿಷಿನವರದಷ್ಟೇ ಅಲ್ಲ, ನಮ್ಮದೂ ಹೌದು. ಹಳೆಯ ಸಂಚಿಕೆಗಳಿಗೆ ವಿಷಯಸೂಚಿಯಿಲ್ಲದೆ ಒಳ್ಳೆಯ ಪ್ರಬಂಧಗಳು ಗೆದ್ದಲಿಗೆ ಆಹಾರವಾಗಿವೆ. ತನ್ನ ಸಭೆಯನ್ನು ತಾನೇ ಗಂಭೀರವಾಗಿ ನಡೆಸದವರು, ಬೇರೆಯವರು ತಮ್ಮ ಸಭೆಗೆ ಬರುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಸಂಗತಿ ನ್ಯಾಯಕ್ಕೆ ಸಂಬಂಧಿಸಿದ್ದು. ಇಂಗ್ಲಿಷ್ ಪತ್ರಿಕೆಗಳಲ್ಲಿ ಹೆಚ್ಚಿನವು ಬೀಗದ ಒಳಗಿವೆ. ಓದುವುದಕ್ಕೆ ಹಣ ತೆರಬೇಕು. ಬೀಗ ತೆಗೆಯಿಸಬೇಕಾದರೆ ಬರೆದವನೇ ತೆರಬೇಕು. ‘ನೇಚರ್’ ಪತ್ರಿಕೆ ೨೦೨೦ರಲ್ಲಿ ಇದಕ್ಕೆಂದು ಒಂದು ಪ್ರಬಂಧಕ್ಕೆ ೯,೫೦೦ ಯೂರೋ ಶುಲ್ಕವನ್ನು ಘೋಷಿಸಿತು. ಭಾರತ ಸರಕಾರವು ೨೦೨೪ರ ನವೆಂಬರಿನಲ್ಲಿ ಮೂರು ವರ್ಷಗಳಿಗೆ ಸುಮಾರು ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ಸುಮಾರು ೧೩,೦೦೦ ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸುವ ಯೋಜನೆಗೆ ಒಪ್ಪಿಗೆಯಿತ್ತದ್ದು ಸ್ವಾಗತಾರ್ಹ. ಆದರೆ ಓಲೆಯ ಕಟ್ಟನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದು ಸಂಶೋಧಕನ ಕೈಗಿತ್ತ ಮನೆಯವರು ಆ ಸಂಸ್ಥೆಗಳ ಒಳಗಿಲ್ಲ. ಶಾಸನದ ಕಲ್ಲನ್ನು ತೋರಿಸಿದ ಊರಿನವರೂ, ಹಾಡನ್ನು ಹೇಳಿಕೊಟ್ಟ ಮುದುಕಿಯೂ ಇಲ್ಲ. ಅವರಿಂದ ಪಡೆದುದು ಅವರು ಓದಲಾರದ ಭಾಷೆಯಲ್ಲಿ, ತೆರಲಾರದ ಬೆಲೆಗೆ, ತಿಳಿಯದ ನೆಲೆಯಲ್ಲಿ ಸೇರಿಕೊಂಡರೆ ಅದನ್ನು ವಿದ್ಯಾಪ್ರಸಾರವೆನ್ನುವುದು ಕಷ್ಟ. ಅವರ ಮನೆಯ ಓಲೆಯಲ್ಲಿ ಇಂತಹ ಪಾಠವಿಲ್ಲವೆಂದು ಅವರೇ ತಿದ್ದಬಲ್ಲ ತಪ್ಪು ಕೂಡ ಹಾಗೆಯೇ ಉಳಿದುಹೋಗುತ್ತದೆ.

ಪರಿಹಾರ ಇಂಗ್ಲಿಷನ್ನು ಬಿಡುವುದರಲ್ಲಿಲ್ಲ. ಬ್ರೆಜಿಲ್ ದೇಶದಲ್ಲಿ ೧೯೯೭-೯೮ರ ಸುಮಾರಿಗೆ ಆರಂಭವಾದ ‘ಸೈಎಲೊ’ ಎಂಬ ವ್ಯವಸ್ಥೆ ಪೋರ್ಚುಗೀಸ್, ಸ್ಪಾನಿಷ್, ಇಂಗ್ಲಿಷ್ ಭಾಷೆಗಳ ವಿದ್ವತ್ಪತ್ರಿಕೆಗಳನ್ನು ಬೀಗವಿಲ್ಲದೆ ಲೋಕಕ್ಕೆ ತೆರೆದಿಟ್ಟಿದೆ. ೨೦೧೯ರಲ್ಲಿ ಹೆಲ್ಸಿಂಕಿಯಲ್ಲಿ ಹೊರಟ ಘೋಷಣೆಯೊಂದು, ಸಂಶೋಧನೆಯನ್ನು ಅಳೆಯುವಾಗ ಭಾಷೆಯ ಕಾರಣದಿಂದ ಅದನ್ನು ಕೀಳುಗೈಯಬಾರದೆಂದು ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತು. ಇವುಗಳಿಂದ ಕನ್ನಡಕ್ಕೂ ಕಲಿಯಬೇಕಾದುದಿದೆ. ಕನ್ನಡ ಸಾಮಗ್ರಿಯ ಮೇಲಿನ ಪ್ರಬಂಧ ಮೊದಲು ಕನ್ನಡದಲ್ಲಿ, ಬಲ್ಲವರ ಪರಿಶೀಲನೆಗೆ ಒಳಗಾಗಿ ಬರಲಿ. ಅದರ ಇಂಗ್ಲಿಷ್ ಸಾರಾಂಶ ಜೊತೆಗಿರಲಿ. ಇಂಗ್ಲಿಷಿನಲ್ಲಿಯೇ ಮೊದಲು ಬರೆದವರು ಅದರ ಕನ್ನಡ ರೂಪವನ್ನು ವರ್ಷದೊಳಗಾಗಿ ಇಲ್ಲಿಯ ಪತ್ರಿಕೆಯೊಂದಕ್ಕೆ ಕೊಡಲಿ. ವಚನವನ್ನು ಉಲ್ಲೇಖಿಸುವಾಗ, ಭಾಷೆ ಯಾವುದೇ ಇರಲಿ, ಸಂಪುಟ, ಸಂಖ್ಯೆ, ಅಂಕಿತಗಳನ್ನು ಕಡ್ಡಾಯವಾಗಿ ಕಾಣಿಸಲಿ. ಮಠಗಳೂ ಪರಿಷತ್ತುಗಳೂ ವಿಶ್ವವಿದ್ಯಾಲಯಗಳೂ ತಮ್ಮ ಪತ್ರಿಕೆಗಳ ಹಳೆಯ ಸಂಚಿಕೆಗಳಿಗೆ ಸೂಚಿಯನ್ನು ಸಿದ್ಧಪಡಿಸಿ, ಅವುಗಳನ್ನು ಎಲ್ಲರಿಗೂ ದೊರಕುವಂತೆ ಮಾಡಲಿ. ಇವುಗಳಲ್ಲಿ ಒಂದೂ ಅಸಾಧ್ಯವಾದುದಲ್ಲ. ಒಂದಕ್ಕೂ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಬೇಕಾದುದು ಸಂಪಾದಕರ ಹಟ, ಲೇಖಕರ ಸಂಯಮ.

ಹಳಕಟ್ಟಿಯವರು ಲೋಕಕ್ಕೆ ಬಾಗಿಲನ್ನೂ ತೆರೆದರು, ಮನೆಯ ಕಣಜವನ್ನೂ ತುಂಬಿದರು. ಬಾಗಿಲೊಂದೇ ಉಳಿದು ಕಣಜ ಬರಿದಾದರೆ, ಬಂದ ಅತಿಥಿಗೆ ಬಡಿಸುವುದಕ್ಕೂ ಏನೂ ಇರುವುದಿಲ್ಲ. ವಚನದ ಒಂದು ಪದ ತಪ್ಪಿದಾಗ ಅದನ್ನು ತಪ್ಪೆಂದು ಹೇಳಬಲ್ಲವರ ಬಳಗ ಕನ್ನಡದಲ್ಲಿ ಉಳಿದಿರುವವರೆಗೆ ಇಂಗ್ಲಿಷ್ ಪ್ರಬಂಧಗಳಿಗೂ ಒಂದು ಒರೆಗಲ್ಲು ಇರುತ್ತದೆ. ಆ ಬಳಗ ಕರಗಿದ ದಿನ ಇಂಗ್ಲಿಷಿನಲ್ಲಿ ಬರೆದುದು ಸರಿಯೋ ತಪ್ಪೋ ಎಂದು ಕೇಳಲು ಯಾರೂ ಉಳಿಯಲಾರರು. ಆಗ ನಷ್ಟ ಕನ್ನಡದ್ದು ಮಾತ್ರವಲ್ಲ, ಜ್ಞಾನದ್ದೂ ಹೌದು.